ಗಾಳಿಯೇ ಅಡಚಣೆ: ಶಾಖ ವಿನಿಮಯಕ ಎಷ್ಟು ಚಿಕ್ಕದಾಗಬಹುದು?

ಪೆಟ್ರೋಲ್ ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಹೊಗೆಕೊಳವೆಯಿಂದ ಹೊರಬೀಳುತ್ತದೆ, ಮತ್ತೊಂದನ್ನು ರೇಡಿಯೇಟರ್ ಗಾಳಿಗೆ ಚೆಲ್ಲುತ್ತದೆ. ವಿದ್ಯುತ್ ಮೋಟರಿನ ದಕ್ಷತೆಯಾದರೋ ನೂರಕ್ಕೆ 90ನ್ನು ದಾಟುತ್ತದೆ. ಈ ಲೆಕ್ಕದಂತೆ ವಿದ್ಯುತ್ ಕಾರಿನ ರೇಡಿಯೇಟರ್ ಅಂಗೈಯಗಲಕ್ಕೆ ಇಳಿದಿರಬೇಕಿತ್ತು. ಇಳಿದಿಲ್ಲ. ಜಾಲರಿಯೇ ಇಲ್ಲದ ನುಣುಪು ಮೂತಿಯ ಕಾರಿನ ಬಂಪರಿನ ಕೆಳಗೆ ಇಣುಕಿದರೆ ರೇಡಿಯೇಟರ್, ಹವಾನಿಯಂತ್ರಣದ ಶಾಖ ಹೊರಹಾಕುವ ಕಂಡೆನ್ಸರ್, ಫ್ಯಾನ್ ಎಲ್ಲವೂ ಅಲ್ಲೇ ಇವೆ. ಕೆಲವು ಮಾದರಿಗಳಲ್ಲಿ ಹಿಂದೆಂದಿಗಿಂತ ಹೆಚ್ಚು ಕೊಳವೆ, ಕವಾಟಗಳೂ ಇವೆ.

ಇತ್ತ ಕಂಪ್ಯೂಟರ್ ಲೋಕದಲ್ಲೂ ಇದೇ ಬಿಕ್ಕಟ್ಟು. ಚಿಪ್ಪುಗಳು ಒಂದೊಂದು ತಲೆಮಾರಿಗೂ ಹೆಚ್ಚು ಚುರುಕಾಗುತ್ತಿವೆ. ಅವನ್ನು ತಣಿಸುವ ಸಾಧನಗಳು ಮಾತ್ರ ಚಿಪ್ಪಿನ ನೂರಾರು ಪಟ್ಟು ಗಾತ್ರಕ್ಕೆ ಬೆಳೆಯುತ್ತಿವೆ. ರೇಡಿಯೇಟರಿನಂತೆ ಒಂದು ಕಡೆಯ ಶಾಖವನ್ನು ಇನ್ನೊಂದು ಕಡೆಗೆ ದಾಟಿಸುವ ಸಾಧನವೇ ಶಾಖ ವಿನಿಮಯಕ; ಅದು ಹಗುರವಾಗಿ, ಅಡಕವಾಗಿ ಬೇಕೆಂದು ವಾಹನದವರೂ ಕೇಳುತ್ತಿದ್ದಾರೆ, ಎಲೆಕ್ಟ್ರಾನಿಕ್ಸ್‌ನವರೂ ಕೇಳುತ್ತಿದ್ದಾರೆ. ಹೊಸ ಮಿಶ್ರಲೋಹ, ಹೊಸ ದ್ರವ, ಮೂರು ಆಯಾಮದ ಮುದ್ರಣ ಎಂದು ವರ್ಷಕ್ಕೊಂದು ಭರವಸೆ ಸುದ್ದಿಯಾಗುತ್ತದೆ. ಇವುಗಳಲ್ಲಿ ಯಾವುದು ನಿಜವಾಗಿ ಗಾತ್ರ ಇಳಿಸುತ್ತದೆ, ಯಾವುದು ಬರಿಯ ಪ್ರದರ್ಶನದ ವಸ್ತು ಎಂದು ತಿಳಿಯಲು ಶಾಖ ಎಲ್ಲಿ ತಡೆಯಲ್ಪಡುತ್ತದೆ ಎಂಬುದನ್ನು ಮೊದಲು ಹುಡುಕಬೇಕು. ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿ ಅಲ್ಲಿದೆ. ಆ ತಡೆ ಲೋಹದಲ್ಲಿಲ್ಲ.

ಶಾಖ ಕಡಿಮೆ, ಅಂತರ ಇನ್ನೂ ಕಡಿಮೆ

ಶಾಖ ವಿನಿಮಯಕದ ಮೂಲಸೂತ್ರ ಸರಳ. ದಾಟುವ ಶಾಖ ಮೂರು ಸಂಗತಿಗಳ ಗುಣಲಬ್ಧ: ಮೇಲ್ಮೈಯ ವಿಸ್ತೀರ್ಣ, ಆ ಮೇಲ್ಮೈ ಶಾಖವನ್ನು ದಾಟಿಸುವ ಸಾಮರ್ಥ್ಯ, ಮತ್ತು ಎರಡು ಬದಿಗಳ ತಾಪಮಾನದ ಅಂತರ. ಮೊದಲೆರಡು ವಿನ್ಯಾಸಕಾರರ ಕೈಯಲ್ಲಿವೆ. ಮೂರನೆಯದು ಹೆಚ್ಚಾಗಿ ಅವರ ಕೈಯಲ್ಲಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಪೆಟ್ರೋಲ್ ಎಂಜಿನ್ನಿನ ಶಾಖ ಹೊತ್ತೊಯ್ಯುವ ದ್ರವ, ಅಂದರೆ ಕೂಲಂಟ್, 100 ಡಿಗ್ರಿ ಸೆಲ್ಸಿಯಸ್, ಹೊರಗಿನ ಗಾಳಿ 40 ಡಿಗ್ರಿ. ಅಂತರ 60. ಈ ಸ್ಥಿತಿಯಲ್ಲಿ 60 ಕಿಲೋವ್ಯಾಟ್ ಶಾಖ ಚೆಲ್ಲುವ ರೇಡಿಯೇಟರನ್ನೇ ತೆಗೆದು ವಿದ್ಯುತ್ ಕಾರಿನ ಮೋಟರಿಗೆ ಮತ್ತು ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದುವಂತೆ ಮಾರ್ಪಡಿಸುವ ಇನ್ವರ್ಟರಿಗೆ ಜೋಡಿಸಿ. ಅಲ್ಲಿನ ಕೂಲಂಟ್ 55 ಡಿಗ್ರಿ ದಾಟಬಾರದು ಎಂದಿಟ್ಟುಕೊಂಡರೆ ಅಂತರ ಬರಿಯ 15. ಅದೇ ರೇಡಿಯೇಟರ್, ಅದೇ ಗಾಳಿ. ಈಗ ಅದು ಚೆಲ್ಲಬಲ್ಲದ್ದು 15 ಕಿಲೋವ್ಯಾಟ್ ಮಾತ್ರ. ಶಾಖ ನಾಲ್ಕನೆಯ ಒಂದಂಶಕ್ಕೆ ಇಳಿದರೂ ರೇಡಿಯೇಟರಿನ ಗಾತ್ರ ಇಳಿಯಲಿಲ್ಲ ಎನ್ನುವುದರ ಗುಟ್ಟು ಇಷ್ಟೇ.

ಬ್ಯಾಟರಿಯ ವಿಷಯ ಇನ್ನೂ ಬಿಗಿ. ಲಿಥಿಯಂ ಅಯಾನ್ ಕೋಶಗಳು 20ರಿಂದ 40 ಡಿಗ್ರಿಯ ಒಳಗೆ ನೆಮ್ಮದಿಯಾಗಿರುತ್ತವೆ. ಅದನ್ನು ದಾಟಿದರೆ ಆಯುಷ್ಯ ಸವೆಯುತ್ತದೆ. ಹೊರಗೆ 40 ಡಿಗ್ರಿ ಬಿಸಿಲಿದ್ದಾಗ ಕೋಶಗಳನ್ನು 30ರಲ್ಲಿಡಲು ಎಷ್ಟೇ ದೊಡ್ಡ ರೇಡಿಯೇಟರ್ ಇದ್ದರೂ ಸಾಧ್ಯವಿಲ್ಲ, ಶಾಖ ಹರಿಯುವುದು ಬಿಸಿಯಿಂದ ತಂಪಿನ ಕಡೆಗೆ ಮಾತ್ರ. ಆದ್ದರಿಂದ ಹವಾನಿಯಂತ್ರಣದ ಕಂಪ್ರೆಸರನ್ನು ಬ್ಯಾಟರಿಯ ಸೇವೆಗೂ ಎಳೆದು ತರಬೇಕಾಗುತ್ತದೆ. ಕಂಪ್ರೆಸರ್ ತಾನು ತಿನ್ನುವ ವಿದ್ಯುತ್ತನ್ನೂ ಶಾಖವಾಗಿಸಿ ಕಂಡೆನ್ಸರಿಗೆ ದಾಟಿಸುತ್ತದೆ. ಕಂಡೆನ್ಸರಿನ ಹೊರೆ ಅಷ್ಟು ಹೆಚ್ಚುತ್ತದೆ.

ಇದಕ್ಕಿಂತ ಕುತೂಹಲದ ತಿರುವು ವೇಗದ ಚಾರ್ಜಿಂಗ್‌ನದು. 250 ಕಿಲೋವ್ಯಾಟ್ ದರದಲ್ಲಿ ಚಾರ್ಜ್ ಆಗುವಾಗ ನೂರಕ್ಕೆ 5ರಷ್ಟು ಮಾತ್ರ ಕೋಶಗಳ ಆಂತರಿಕ ರೋಧಕ್ಕೆ ನಷ್ಟವಾಗುತ್ತದೆ ಎಂದು ಹಿಡಿದರೂ 12.5 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಆ ಹೊತ್ತಿನಲ್ಲಿ ಕಾರು ನಿಂತಿರುತ್ತದೆ. ಓಡುವ ವಾಹನಕ್ಕೆ ಬಿಟ್ಟಿಯಾಗಿ ಸಿಗುವ ಎದುರುಗಾಳಿ ಇಲ್ಲ, ಎಲ್ಲವನ್ನೂ ಫ್ಯಾನೇ ಎಳೆಯಬೇಕು. ಹಳೆಯ ಕಾರುಗಳ ರೇಡಿಯೇಟರಿನ ಅಳತೆ ನಿರ್ಧಾರವಾಗುತ್ತಿದ್ದದ್ದು ಭಾರ ಎಳೆಯುತ್ತ ನಿಧಾನವಾಗಿ ಏರು ಹತ್ತುವ ಗಳಿಗೆಯಲ್ಲಿ. ವಿದ್ಯುತ್ ಕಾರಿನದು ಅದು ಚಲಿಸದೆ ನಿಂತ ಗಳಿಗೆಯಲ್ಲಿ ನಿರ್ಧಾರವಾದರೂ ಅಚ್ಚರಿಯಿಲ್ಲ.

ಹೈಡ್ರೋಜನ್ ಇಂಧನಕೋಶದ ವಾಹನಗಳಿಗಂತೂ ಈ ಕಷ್ಟ ಎರಡು ಕಡೆಯಿಂದ. ಇಂಧನದ ಸುಮಾರು ಅರ್ಧದಷ್ಟು ಶಕ್ತಿ ಶಾಖವಾಗುತ್ತದೆ, ಎಂಜಿನ್ನಿನಲ್ಲಿ ಹೊಗೆ ಹೊತ್ತೊಯ್ಯುವಷ್ಟು ಶಾಖವನ್ನು ಇಲ್ಲಿ ಹೊರಹೋಗುವ ಅನಿಲ ಹೊತ್ತೊಯ್ಯುವುದಿಲ್ಲ, ಮೇಲಾಗಿ ಕೋಶದ ಪೊರೆ 80 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಹೈಡ್ರೋಜನ್ ಟ್ರಕ್ಕುಗಳನ್ನು ರೂಪಿಸುವವರು ಇಂಧನದ ತೊಟ್ಟಿಗೆ ಜಾಗ ಹುಡುಕುವಷ್ಟೇ ಪರದಾಟವನ್ನು ರೇಡಿಯೇಟರಿಗೆ ಮುಖ ಹುಡುಕುವುದರಲ್ಲೂ ಪಡುತ್ತಾರೆ.

ಮೂರು ತೂಬುಗಳು

ಕೂಲಂಟಿನಿಂದ ಗಾಳಿಗೆ ಹೋಗುವ ಶಾಖ ಮೂರು ತಡೆಗಳನ್ನು ದಾಟುತ್ತದೆ: ದ್ರವದಿಂದ ಲೋಹಕ್ಕೆ, ಲೋಹದ ಗೋಡೆಯ ಮೂಲಕ, ಲೋಹದಿಂದ ಗಾಳಿಗೆ. ಒಂದೇ ಕಾಲುವೆಯ ಮೇಲೆ ಸಾಲಾಗಿ ಮೂರು ತೂಬುಗಳಿದ್ದಂತೆ; ಅತಿ ಕಿರಿದಾದ ತೂಬು ಎಷ್ಟು ಬಿಡುತ್ತದೋ ಅಷ್ಟೇ ನೀರು ಮುಂದೆ ಹೋಗುತ್ತದೆ. ಉಳಿದೆರಡನ್ನು ಎಷ್ಟು ಅಗಲಿಸಿದರೂ ವ್ಯರ್ಥ.

ಇಲ್ಲಿ ಕಿರಿದಾದದ್ದು ಗಾಳಿಯ ಕಡೆಯದು. ಗಾಳಿಯ ಉಷ್ಣವಾಹಕತೆ ನೀರಿನದಕ್ಕಿಂತ 20 ಪಟ್ಟಿಗೂ ಹೆಚ್ಚು ಕಡಿಮೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಹೀರುವಷ್ಟು ಶಾಖವನ್ನು ಹೀರಲು ಸುಮಾರು 3,500 ಲೀಟರ್ ಗಾಳಿ ಬೇಕು. ಒಟ್ಟು ತಡೆಯನ್ನು 100 ಎಂದಿಟ್ಟು, ಅದರಲ್ಲಿ ಗಾಳಿಯ ಪಾಲು 85, ದ್ರವದ್ದು 12, ಲೋಹದ್ದು 3 ಎಂದುಕೊಳ್ಳೋಣ. ಯಾರೋ ಕೂಲಂಟಿನ ಬದಿಯ ಸಾಮರ್ಥ್ಯವನ್ನು ನೂರಕ್ಕೆ 20ರಷ್ಟು ಹೆಚ್ಚಿಸುವ ಅದ್ಭುತ ದ್ರವ ತಂದರು. 12 ಇದ್ದದ್ದು 10 ಆಯಿತು, ಒಟ್ಟು 98. ರೇಡಿಯೇಟರ್ ನೂರಕ್ಕೆ ಎರಡು ಪಾಲು ಚಿಕ್ಕದಾಗಬಹುದು, ಅಷ್ಟೇ.

ಅತಿಸೂಕ್ಷ್ಮ ಲೋಹಕಣಗಳನ್ನು ಬೆರೆಸಿದ ನ್ಯಾನೋದ್ರವಗಳ ಕತೆ ಇದಕ್ಕೆ ಸಾಕ್ಷಿ. 1995ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಈ ವಿಚಾರ ಹುಟ್ಟಿದ ಮೇಲೆ ಸಾವಿರಾರು ಪ್ರಬಂಧಗಳು ಬಂದವು. ಕೆಲವು ಫಲಿತಾಂಶಗಳು ನಂಬಲಾಗದಷ್ಟು ಚೆನ್ನಾಗಿದ್ದವು. 2009ರಲ್ಲಿ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಮಾದರಿಯ ದ್ರವಗಳನ್ನು ಹಂಚಿಕೊಂಡು ತಂತಮ್ಮ ಉಪಕರಣಗಳಲ್ಲಿ ಅಳೆದು ನೋಡಿದಾಗ, ಹಳೆಯ ಸಿದ್ಧಾಂತ ಹೇಳುವುದಕ್ಕಿಂತ ಅಸಹಜವಾದ ಏರಿಕೆ ಯಾವುದೂ ಕಾಣಲಿಲ್ಲ. ಕಂಡಿದ್ದರೂ ಕಾರಿನ ರೇಡಿಯೇಟರಿಗೆ ಅದರಿಂದ ದೊಡ್ಡ ಲಾಭವಿರಲಿಲ್ಲ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ತೊಂದರೆಯಿಲ್ಲದ ಕಡೆ ಮದ್ದು ಹಚ್ಚುವ ಇಂಥ ಸಂಶೋಧನೆಗೆ ಈ ಕ್ಷೇತ್ರದಲ್ಲಿ ಕೊರತೆಯಿಲ್ಲ.

ಇದೇ ತರ್ಕವನ್ನು ತಿರುಗಿಸಿದರೆ ಇನ್ನೊಂದು ಅನಿರೀಕ್ಷಿತ ಮಾತು ಹೊರಡುತ್ತದೆ: ಲೋಹದ ಗೋಡೆಯ ಬದಲು ಪ್ಲಾಸ್ಟಿಕ್ ಗೋಡೆ ಇದ್ದರೂ ಆಗುತ್ತದೆ. ಪ್ಲಾಸ್ಟಿಕ್ಕಿನ ಉಷ್ಣವಾಹಕತೆ ಅಲ್ಯೂಮಿನಿಯಂನ ಸಾವಿರದ ಒಂದು ಪಾಲಿನ ಆಸುಪಾಸಿನದು. ಆದರೂ 0.1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆ ಒಡ್ಡುವ ತಡೆ, ಗಾಳಿ ಒಡ್ಡುವ ತಡೆಯ ನಲವತ್ತನೆಯ ಒಂದಂಶದಷ್ಟು ಮಾತ್ರ. ಹಗುರ, ತುಕ್ಕು ಹಿಡಿಯುವುದಿಲ್ಲ, ಅಗ್ಗ. ಸಿಕ್ಕು ಬೀಳುವುದು ಬೇರೆ ಕಡೆ. ಗಾಳಿಯ ಬದಿಯ ವಿಸ್ತೀರ್ಣ ಹೆಚ್ಚಿಸುವ ತೆಳು ಹಾಳೆಗಳಾದ ಫಿನ್‌ಗಳು ಶಾಖವನ್ನು ತಮ್ಮ ಉದ್ದಕ್ಕೂ ಸಾಗಿಸಬೇಕು. ಪ್ಲಾಸ್ಟಿಕ್ಕಿನಿಂದ ಆ ಕೆಲಸ ಆಗದು. ಆದ್ದರಿಂದ ಪ್ಲಾಸ್ಟಿಕ್ ವಿನಿಮಯಕ ಎಂದರೆ ಫಿನ್ ಇಲ್ಲದ, ಕೂದಲಿನಂಥ ಸಾವಿರಾರು ಕೊಳವೆಗಳ ಕಟ್ಟು. ಅಷ್ಟು ಕೊಳವೆಗಳ ತುದಿಗಳನ್ನು ಒಂದೂ ಸೋರದಂತೆ ಬಂಧಿಸುವುದೇ ಅಲ್ಲಿನ ಅಸಲಿ ಸವಾಲು.

ಮೇಲ್ಮೈಯನ್ನು ಮಡಚುವ ವಿದ್ಯೆ

ಗಾಳಿಯ ಗುಣ ಬದಲಿಸಲಾಗದು. ಹಾಗಾಗಿ ಉಳಿದ ದಾರಿ, ಚಿಕ್ಕ ಜಾಗದಲ್ಲಿ ದೊಡ್ಡ ಮೇಲ್ಮೈಯನ್ನು ತುರುಕುವುದು. 1900ರಲ್ಲಿ ವಿಲ್ಹೆಲ್ಮ್ ಮೇಬಾಕ್ ಮೊದಲ ಮರ್ಸಿಡಿಸ್ ಕಾರಿಗೆ ಜೇನುಗೂಡಿನಾಕಾರದ ರೇಡಿಯೇಟರ್ ಮಾಡಿದಾಗ ಅದರಲ್ಲಿ ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳಿದ್ದವು. ಗಾಳಿ ಕೊಳವೆಗಳ ಒಳಗೆ, ನೀರು ಹೊರಗೆ. ಒಂದು ಘನ ಮೀಟರ್ ಗಾತ್ರದಲ್ಲಿ 700 ಚದರ ಮೀಟರಿಗಿಂತ ಹೆಚ್ಚು ಮೇಲ್ಮೈ ಇರುವ ಅನಿಲ ವಿನಿಮಯಕವನ್ನು ಈಗ ಅಡಕ ವಿನಿಮಯಕ ಎಂದು ಕರೆಯುವ ರೂಢಿಯಿದೆ. ಇಂದಿನ ಕಾರಿನ ರೇಡಿಯೇಟರ್ ಸಾವಿರದ ಆಸುಪಾಸಿನಲ್ಲಿದೆ. ಮನುಷ್ಯನ ಶ್ವಾಸಕೋಶ ಇದೇ ಅಳತೆಯಲ್ಲಿ ಹದಿನೇಳು ಸಾವಿರವನ್ನು ಮೀರುತ್ತದೆ ಎಂಬ ಅಂದಾಜುಗಳಿವೆ. ಎಂಜಿನಿಯರುಗಳಿಗೆ ಇದು ಅಸೂಯೆಯ ವಿಷಯ.

ಮೇಲ್ಮೈ ಮಡಚಿದರಷ್ಟೇ ಸಾಲದು. ಗಾಳಿ ಲೋಹದ ಹಾಳೆಯ ಮೇಲೆ ಹರಿಯುವಾಗ ಹಾಳೆಗೆ ಅಂಟಿದಂತೆ ಒಂದು ನಿಧಾನದ ಪದರ ಬೆಳೆಯುತ್ತದೆ, ದೂರ ಸಾಗಿದಷ್ಟೂ ಅದು ದಪ್ಪವಾಗಿ ಶಾಖವನ್ನು ತಡೆಯುತ್ತದೆ. ಕಾರಿನ ರೇಡಿಯೇಟರಿನ ಫಿನ್ ಅನ್ನು ಹತ್ತಿರದಿಂದ ನೋಡಿದರೆ ಕಿಟಕಿಯ ಓರೆಪಟ್ಟಿಗಳ ಹಾಗೆ ಸಣ್ಣ ಸಣ್ಣ ಸೀಳುಗಳು ಕಾಣುತ್ತವೆ. ಪ್ರತಿ ಸೀಳಿನ ಅಂಚಿನಲ್ಲಿ ಆ ಪದರ ಕತ್ತರಿಸಿಹೋಗಿ ಹೊಸದಾಗಿ ಶುರುವಾಗುತ್ತದೆ. ದಪ್ಪವಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತೆಳುವಾದ ಹಾಳೆಯಲ್ಲಿ ಮಾಡಿದ ಈ ಸೀಳುಗಳು ಕಾಗದದ ಮೇಲೆ ಯಾವ ಆಕರ್ಷಣೆಯೂ ಇಲ್ಲದ ಆವಿಷ್ಕಾರ. ರೇಡಿಯೇಟರನ್ನು ಚಿಕ್ಕದಾಗಿಸಿದ ಶ್ರೇಯಸ್ಸಿನಲ್ಲಿ ಯಾವ ಹೊಸ ವಸ್ತುವಿಗಿಂತಲೂ ದೊಡ್ಡ ಪಾಲು ಇವುಗಳದೇ ಎಂದು ನಾನು ಹೇಳುತ್ತೇನೆ.

ತಾಮ್ರ ಹೋಗಿ ಅಲ್ಯೂಮಿನಿಯಂ ಬಂದದ್ದೂ ವಾಹಕತೆಯ ಕಾರಣಕ್ಕಲ್ಲ. ವಾಹಕತೆಯಲ್ಲಿ ತಾಮ್ರವೇ ಮುಂದು: ಮೀಟರಿಗೆ, ಡಿಗ್ರಿಗೆ ವ್ಯಾಟ್ ಲೆಕ್ಕದಲ್ಲಿ ಅದರ ಸುಮಾರು 400ಕ್ಕೆ ಎದುರಾಗಿ ಶುದ್ಧ ಅಲ್ಯೂಮಿನಿಯಂ 237. ಆದರೆ ತಾಮ್ರ ಮೂರು ಪಟ್ಟಿಗೂ ಹೆಚ್ಚು ಭಾರ, ಮತ್ತು ತಡೆ ಲೋಹದಲ್ಲಿ ಇಲ್ಲವಾದ್ದರಿಂದ ಅದರ ಹೆಚ್ಚಿನ ವಾಹಕತೆಗೆ ಕೆಲಸವೇ ಕಡಿಮೆ. ಹಾಗಿದ್ದರೂ ದಶಕಗಳ ಕಾಲ ತಾಮ್ರ-ಹಿತ್ತಾಳೆಯೇ ಆಳಿತು, ಏಕೆಂದರೆ ಅಲ್ಯೂಮಿನಿಯಂ ಅನ್ನು ಬೆಸೆಯುವುದು ಕಷ್ಟ. ಲೋಹ 660 ಡಿಗ್ರಿಗೆ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. 1970ರ ದಶಕದ ಕೊನೆಯ ಹೊತ್ತಿಗೆ, ಆ ಪೊರೆಯನ್ನು ಕರಗಿಸಿಯೂ ಲೋಹವನ್ನು ಕೊರೆಯದ ಪೊಟ್ಯಾಸಿಯಂ ಫ್ಲೋರೋಅಲ್ಯೂಮಿನೇಟ್ ಎಂಬ ಬೆಸುಗೆ ಪುಡಿ ಬಂತು. ಸಿಲಿಕಾನ್ ಬೆರೆತ ತೆಳು ಲೇಪನವಿರುವ ಹಾಳೆಗಳನ್ನು ಜೋಡಿಸಿ, ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 600 ಡಿಗ್ರಿಗೆ ಕಾಯಿಸಿದರೆ ಲೇಪನ ಮಾತ್ರ ಕರಗಿ ಸಾವಿರಾರು ಸಂದುಗಳಿಗೆ ತಾನಾಗಿ ಹರಿಯುತ್ತದೆ. ಒಂದೇ ಸಲ ಕುಲುಮೆಯೊಳಗೆ ಹೋಗಿ ಬಂದರೆ ಇಡೀ ರೇಡಿಯೇಟರ್ ಬೆಸೆದಿರುತ್ತದೆ. ಇವತ್ತಿಗೂ ಯಾವ ಹೊಸ ತಂತ್ರ ಬಂದರೂ ಈ ಕುಲುಮೆಯ ಅಗ್ಗದೊಂದಿಗೆ ಸೆಣಸಬೇಕು.

ಕಿರಿದಾಗಿಸು, ಆದರೆ ಮೊಟಕಾಗಿಸು

1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಟಕರ್‌ಮನ್ ಮತ್ತು ಫೇಬಿಯನ್ ಪೀಸ್ ಸಿಲಿಕಾನ್ ತುಂಡಿನ ಬೆನ್ನಿನಲ್ಲೇ ಸುಮಾರು 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಅಗಲ, 300 ಮೈಕ್ರಾನ್ ಆಳದ ಕಾಲುವೆಗಳನ್ನು ಕೊರೆದು ನೀರು ಹರಿಸಿದರು. ಒಂದು ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಶಾಖ ಎತ್ತಿದರು, ತಾಪಮಾನ ಏರಿದ್ದು 71 ಡಿಗ್ರಿ ಮಾತ್ರ. ಸೂಕ್ಷ್ಮಕಾಲುವೆಗಳ ಬಗ್ಗೆ ಇಂದು ನಡೆಯುವ ಚರ್ಚೆಯೆಲ್ಲ ಈ ಪ್ರಯೋಗದ ಸಂತಾನ.

ಕಾಲುವೆ ಕಿರಿದಾದರೆ ಶಾಖ ಏಕೆ ಚೆನ್ನಾಗಿ ದಾಟುತ್ತದೆ? ಸುಳಿಯಿಲ್ಲದೆ ನೇರ ಹರಿಯುವ ದ್ರವದಲ್ಲಿ ಶಾಖ ಗೋಡೆಯಿಂದ ನಡುಮಧ್ಯದವರೆಗೆ ಅಡ್ಡಲಾಗಿ ಇಂಗಬೇಕು. ದಾರಿ ಅರ್ಧವಾದರೆ ಶಾಖ ದಾಟುವ ಸಾಮರ್ಥ್ಯ ಎರಡು ಪಟ್ಟು. ಜೊತೆಗೆ ಅದೇ ಗಾತ್ರದೊಳಗಿನ ಮೇಲ್ಮೈಯೂ ಎರಡು ಪಟ್ಟು. ಎರಡೂ ಸೇರಿ ನಾಲ್ಕು ಪಟ್ಟು. ಇದಕ್ಕೆ ತೆರುವ ಬೆಲೆ ಒತ್ತಡ. ಅದೇ ವೇಗದಲ್ಲಿ, ಅರ್ಧ ಅಗಲದ ಕಾಲುವೆಯಲ್ಲಿ ದ್ರವವನ್ನು ನೂಕಲು ಪ್ರತಿ ಸೆಂಟಿಮೀಟರಿಗೆ ನಾಲ್ಕು ಪಟ್ಟು ಒತ್ತಡ ಬೇಕು.

ಇಲ್ಲಿಗೇ ನಿಲ್ಲಿಸಿದರೆ ಚಿಕ್ಕದೆಂದರೆ ದುಬಾರಿ ಎಂಬ ತೀರ್ಮಾನಕ್ಕೆ ಬರುತ್ತೇವೆ. ಅನೇಕ ಬರಹಗಳು ಇಲ್ಲಿಗೇ ನಿಲ್ಲಿಸುತ್ತವೆ ಕೂಡ. ಆದರೆ ಶಾಖ ನಾಲ್ಕು ಪಟ್ಟು ಚುರುಕಾಗಿ ದಾಟುವುದಾದರೆ ಕಾಲುವೆ ಅಷ್ಟು ಉದ್ದ ಇರಬೇಕಾದ ಅಗತ್ಯವೇ ಇಲ್ಲ. ಕಾಲು ಭಾಗ ಉದ್ದ ಸಾಕು. ಉದ್ದ ಕಾಲು ಭಾಗವಾದರೆ ಒತ್ತಡವೂ ಮೊದಲಿದ್ದಷ್ಟಕ್ಕೇ ಬಂದು ನಿಲ್ಲುತ್ತದೆ! ಶಾಖ ಅಷ್ಟೇ, ಪಂಪಿನ ಹೊರೆ ಅಷ್ಟೇ, ಗಾತ್ರ ಮಾತ್ರ ನಾಲ್ಕನೆಯ ಒಂದು. ಕಿರಿದಾದ ಕಾಲುವೆ ಮೊಟಕಾಗಿಯೂ ಇರಬೇಕು, ಸಂಖ್ಯೆಯಲ್ಲಿ ಹೆಚ್ಚಾಗಿಯೂ ಇರಬೇಕು. ಶ್ವಾಸಕೋಶದ ವಿನ್ಯಾಸವೂ ಇದೇ. ಕಾರಿನ ರೇಡಿಯೇಟರ್ ಎರಡು ಮೂರು ಸೆಂಟಿಮೀಟರ್ ದಪ್ಪದ, ಅಗಲ ಮುಖದ ಹಲಗೆಯಾಗಿರುವುದರ ಹಿಂದೆಯೂ ಇದೇ ತರ್ಕವಿದೆ.

ಹಾಗಾದರೆ ಈ ಆಟವನ್ನು ಕೊನೆಯಿಲ್ಲದೆ ಮುಂದುವರಿಸಬಾರದೇಕೆ? ಮೊದಲ ಅಡ್ಡಿ ಹಂಚಿಕೆಯದು. ಒಂದೇ ಒತ್ತಡದಲ್ಲಿ ಕೊಳವೆಯೊಂದರ ಹರಿವು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. ತಯಾರಿಕೆಯ ದೋಷದಿಂದ ಒಂದು ಕೊಳವೆ ನೂರಕ್ಕೆ 10ರಷ್ಟು ದಪ್ಪವಾದರೆ ಅದು 46ರಷ್ಟು ಹೆಚ್ಚು ದ್ರವವನ್ನು ನುಂಗುತ್ತದೆ. ಪಕ್ಕದ ಕೊಳವೆಗಳು ಅಷ್ಟರಮಟ್ಟಿಗೆ ಒಣಗುತ್ತವೆ, ಅವುಗಳ ಕೆಳಗಿನ ಚಿಪ್ಪಿನ ಭಾಗ ಬೇಯುತ್ತದೆ. ಎರಡನೆಯದು, ಸಾವಿರಾರು ಮೊಟಕು ಕಾಲುವೆಗಳಿಗೆ ದ್ರವ ಹಂಚುವ ಮತ್ತು ಮರಳಿ ಕೂಡಿಸುವ ಕವಲುಗಳು ತಾವೇ ಜಾಗ ತಿನ್ನುತ್ತವೆ. ವಿನಿಮಯಕದ ತಿರುಳು ಬೆಂಕಿಪೊಟ್ಟಣದಷ್ಟಾದರೂ ಅದರ ತಲೆ, ಬಾಲಗಳು ಅದಕ್ಕಿಂತ ದೊಡ್ಡವಾದರೆ ಗಳಿಸಿದ್ದೇನು? ಮೂರನೆಯದು ಕೊಳೆ. 50 ಮೈಕ್ರಾನ್ ಕಾಲುವೆಯ ಮುಂದೆ ಅದಕ್ಕಿಂತ ಸೂಕ್ಷ್ಮವಾದ ಸೋಸುಪರದೆ ಬೇಕು. ಅದು ಕಟ್ಟಿಕೊಂಡಾಗ ಬದಲಿಸಬೇಕು, ಅದರ ಒತ್ತಡವನ್ನೂ ಪಂಪು ಹೊರಬೇಕು. ಗಾಳಿಯ ಬದಿಯಲ್ಲಂತೂ ಧೂಳು, ಹುಳು, ಕೆಸರು, ಒಣಹುಲ್ಲು ಎಲ್ಲವೂ ಇವೆ. ಹೊಲದಲ್ಲಿ ದುಡಿಯುವ ಟ್ರಾಕ್ಟರಿನ ಫಿನ್‌ಗಳನ್ನು ಕಾರಿನವುಗಳಷ್ಟು ಒತ್ತಾಗಿ ಇಡದಿರುವುದು ಅಜ್ಞಾನದಿಂದಲ್ಲ.

ಚಿಪ್ಪಿನ ಮೇಲೆ ನೀರು, ಜೇಬಿನಲ್ಲಿ ಮಿತಿ

ಎನ್‌ವಿಡಿಯಾದ ಎಚ್100 ಎಂಬ ಕೃತಕ ಬುದ್ಧಿಮತ್ತೆಯ ಚಿಪ್ 814 ಚದರ ಮಿಲಿಮೀಟರಿನದು. ಪಕ್ಕದ ಸ್ಮೃತಿ ಚಿಪ್ಪುಗಳೂ ಸೇರಿದ ಇಡೀ ಘಟಕ 700 ವ್ಯಾಟ್‌ವರೆಗೆ ಶಾಖ ಹೊರಹಾಕುತ್ತದೆ. ಅದರ ನಂತರದ ತಲೆಮಾರಿನ 72 ಚಿಪ್ಪುಗಳ ಒಂದು ಕಪಾಟು 120 ಕಿಲೋವ್ಯಾಟ್ ಆಸುಪಾಸಿಗೆ ಬಂದು ನಿಂತಿದೆ. ಇಷ್ಟು ಶಾಖವನ್ನು ಗಾಳಿಯಿಂದ, 15 ಡಿಗ್ರಿ ಏರಿಕೆಯೊಳಗೆ ಒಯ್ಯಬೇಕಾದರೆ ಸೆಕೆಂಡಿಗೆ 6.6 ಘನ ಮೀಟರ್ ಗಾಳಿ ಆ ಒಂದೇ ಕಪಾಟಿನ ಮೂಲಕ ಬೀಸಬೇಕು. ನೀರಾದರೆ ಸೆಕೆಂಡಿಗೆ ಎರಡು ಲೀಟರಿಗಿಂತ ಕಡಿಮೆ ಸಾಕು. ಡೇಟಾ ಸೆಂಟರುಗಳು ನೀರಿಗೆ ಹೊರಳುತ್ತಿರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಚಿಪ್ಪಿನ ಮೇಲೆ ತಾಮ್ರದ ಕೋಲ್ಡ್ ಪ್ಲೇಟ್, ಅದರೊಳಗೆ ಕೂದಲೆಳೆಯಷ್ಟು ಸಪುರವಾದ ಕಾಲುವೆಗಳು. ಇಲ್ಲಿ ತಾಮ್ರಕ್ಕೆ ಮತ್ತೆ ಮರ್ಯಾದೆ ಬಂದಿದೆ, ಏಕೆಂದರೆ ಗಾಳಿಯ ತಡೆ ದೂರ ಸರಿದ ಕೂಡಲೆ ಲೋಹದ ತಡೆ, ಚಿಪ್ಪು ಮತ್ತು ಪ್ಲೇಟಿನ ನಡುವಿನ ಲೇಪದ ತಡೆ ಎದ್ದು ಕಾಣುತ್ತವೆ.

ಆದರೆ ಶಾಖ ಎಲ್ಲಿಯೂ ಮಾಯವಾಗಿಲ್ಲ. ಕಪಾಟಿನಿಂದ ಹೊರಟ ನೀರು ಕೊನೆಗೆ ಕಟ್ಟಡದ ಮೇಲಿನ ಯಾವುದೋ ದೊಡ್ಡ ಫಿನ್‌ಗಳ ಗುಡ್ಡೆಯ ಮುಂದೆ ನಿಂತು ಗಾಳಿಗೇ ಶಾಖ ಕೊಡಬೇಕು. ಅಡಕವಾದದ್ದು ಚಿಪ್ಪಿನ ಹತ್ತಿರದ ಭಾಗ ಮಾತ್ರ; ಗಾಳಿಯ ತೂಬು ಈಗ ಮಹಡಿಯ ಮೇಲಿದೆ.

ಮೊಬೈಲಿಗೆ ಆ ಸೌಕರ್ಯವೂ ಇಲ್ಲ. ಅದರ ಎರಡೂ ಮುಖ ಸೇರಿ ಸುಮಾರು 240 ಚದರ ಸೆಂಟಿಮೀಟರ್. ಫ್ಯಾನ್ ಇಲ್ಲದೆ, ತಾನಾಗಿ ಏಳುವ ಗಾಳಿ ಮತ್ತು ವಿಕಿರಣ ಎರಡೂ ಕೂಡಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಹೆಚ್ಚೆಂದರೆ 10 ವ್ಯಾಟ್‌ನಷ್ಟು ಒಯ್ಯುತ್ತವೆ. ಹೊರಮೈ ಗಾಳಿಗಿಂತ 18 ಡಿಗ್ರಿ ಹೆಚ್ಚು ಬಿಸಿಯಾಗಲು ಬಿಟ್ಟರೆ ಲೆಕ್ಕ ನಾಲ್ಕು ವ್ಯಾಟ್ ದಾಟಿ ಸ್ವಲ್ಪ ಮುಂದೆ ನಿಲ್ಲುತ್ತದೆ. ಅದಕ್ಕಿಂತ ಬಿಸಿಯಾದರೆ ಕೈ ಸಹಿಸದು. ಜಾಹೀರಾತುಗಳಲ್ಲಿ ಮಿಂಚುವ ವೇಪರ್ ಚೇಂಬರ್, ಅಂದರೆ ಒಳಗೆ ದ್ರವ ಆವಿಯಾಗಿ ಮತ್ತೆ ಸಾಂದ್ರಗೊಳ್ಳುವ ತೆಳು ಡಬ್ಬಿ, ಈ ನಾಲ್ಕು ವ್ಯಾಟನ್ನು ಎಂಟು ಮಾಡುವುದಿಲ್ಲ. ಪ್ರೊಸೆಸರಿನ ಬಳಿ ಗುಡ್ಡೆಬಿದ್ದ ಶಾಖವನ್ನು ಇಡೀ ಬೆನ್ನಿಗೆ ಹರಡಿ, ಆ ಮಿತಿಯನ್ನು ಪೂರ್ತಿ ಬಳಸಿಕೊಳ್ಳಲು ನೆರವಾಗುತ್ತದೆ. ಉಪಕಾರ ನಿಜ, ಪವಾಡವಲ್ಲ.

ಮುದ್ರಿಸಿದ ಚೆಲುವು

ಮೂರು ಆಯಾಮದ ಲೋಹಮುದ್ರಣ ಬಂದಮೇಲೆ ಶಾಖ ವಿನಿಮಯಕಗಳ ಚಿತ್ರಗಳು ಶಿಲ್ಪಗಳಂತೆ ಕಾಣತೊಡಗಿವೆ. ಅದರಲ್ಲೂ ಗೈರಾಯ್ಡ್ ಎಂಬ ಆಕೃತಿ. 1970ರಲ್ಲಿ ನಾಸಾದಲ್ಲಿದ್ದ ಅಲನ್ ಶೋನ್ ವಿವರಿಸಿದ ಈ ಮೇಲ್ಮೈ ಜಾಗವನ್ನು ಎಲ್ಲಿಯೂ ಒಂದಕ್ಕೊಂದು ಸೇರದ ಎರಡು ಜಟಿಲ ಕಾಲುವೆಗಳಾಗಿ ಸೀಳುತ್ತದೆ. ಒಂದರಲ್ಲಿ ಬಿಸಿ, ಇನ್ನೊಂದರಲ್ಲಿ ತಂಪು. ಬೆಸುಗೆಯೇ ಇಲ್ಲದ್ದರಿಂದ ಬೆಸುಗೆ ಸೋರುವ ಭಯವಿಲ್ಲ, ಯಾವ ವಕ್ರ ಮೂಲೆಗೂ ಹೊಂದುವಂತೆ ಬಾಗಿಸಬಹುದು. ಎರಡು ಬದಿಯಲ್ಲೂ ದ್ರವವಿರುವ ಎಣ್ಣೆ ತಣಿಸುವ ಸಾಧನಗಳಲ್ಲಿ, ರೇಸ್ ಕಾರುಗಳಲ್ಲಿ, ವಿಮಾನಗಳಲ್ಲಿ ಇದಕ್ಕೆ ಒಳ್ಳೆಯ ಜಾಗವಿದೆ.

ಸಾಮಾನ್ಯ ರೇಡಿಯೇಟರಿಗೆ? ಲೇಸರ್‌ನಿಂದ ಪುಡಿ ಕರಗಿಸಿ ಕಟ್ಟುವ ಗೋಡೆ ಸೋರದಂತೆ ನಿಲ್ಲಬೇಕಾದರೆ ಸಾಮಾನ್ಯವಾಗಿ 0.3ರಿಂದ 0.5 ಮಿಲಿಮೀಟರ್ ದಪ್ಪ ಬೇಕು. ಕುಲುಮೆಯಲ್ಲಿ ಬೆಸೆದ ಫಿನ್ ಇದರ ಐದನೆಯ ಒಂದಂಶಕ್ಕೂ ಇಳಿಯುತ್ತದೆ. ತೂಕದ ಪಂದ್ಯವನ್ನು ಮುದ್ರಿತ ಗೋಡೆ ಅಲ್ಲೇ ಸೋಲುತ್ತದೆ. ಒಳಗೆ ಸಿಕ್ಕಿಬಿದ್ದ ಪುಡಿಯನ್ನು ಪೂರ್ತಿ ಹೊರತೆಗೆಯುವುದು ಇನ್ನೊಂದು ತಲೆನೋವು. ಒಂದೊಂದು ತುಂಡಿಗೂ ಗಂಟೆಗಟ್ಟಲೆ ಹಿಡಿಯುವ ಮುದ್ರಣ, ಸಾಲುಸಾಲಾಗಿ ರೇಡಿಯೇಟರ್ ಹೊರಬೀಳುವ ಕುಲುಮೆಗೆ ಸದ್ಯಕ್ಕೆ ಪ್ರತಿಸ್ಪರ್ಧಿಯಲ್ಲ.

ತಾಂತ್ರಿಕ ಗೆಲುವು ಮತ್ತು ಮಾರುಕಟ್ಟೆಯ ಗೆಲುವು ಬೇರೆಬೇರೆ ಎಂಬುದಕ್ಕೆ ಬ್ರಿಟನ್ನಿನ ರಿಯಾಕ್ಷನ್ ಎಂಜಿನ್ಸ್ ಕಂಪನಿಗಿಂತ ಕಟುವಾದ ಉದಾಹರಣೆ ಸಿಗದು. ಎಂಜಿನ್ನಿಗೆ ನುಗ್ಗುವ ಬಿಸಿಗಾಳಿಯನ್ನು ಮೊದಲೇ ತಣಿಸುವ ಅದರ ಪೂರ್ವಶೀತಕದಲ್ಲಿ ಕೂದಲಿಗಿಂತ ತೆಳುವಾದ ಗೋಡೆಯ ಸಾವಿರಾರು ಕೊಳವೆಗಳಿದ್ದವು. 2019ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಸುಮಾರು 1,000 ಡಿಗ್ರಿಯ ಗಾಳಿಯನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ತಣಿಸಿ ತೋರಿಸಿತು. ಹಗುರ, ಅಡಕ ಎಂಬ ಎರಡೂ ಮಾತುಗಳಿಗೆ ಅದಕ್ಕಿಂತ ಮೇಲಿನ ಮಾದರಿ ಅಪರೂಪ. 2024ರ ಅಕ್ಟೋಬರ್ ಕೊನೆಗೆ ಹಣಕಾಸು ಹೊಂದದೆ ಕಂಪನಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಸೇರಿತು.

ತೂಕವನ್ನು ಎಲ್ಲಿ ತೂಗಬೇಕು

ವಿನಿಮಯಕದ ತಿರುಳನ್ನಷ್ಟೇ ತಕ್ಕಡಿಗೆ ಹಾಕಿ ಇಷ್ಟು ಪಾಲು ಹಗುರ ಎಂದು ಹೇಳಿಕೊಳ್ಳುವುದು ಈ ಉದ್ಯಮದ ಹಳೆಯ ಚಾಳಿ. ಫ್ಯಾನಿನ ಲೆಕ್ಕ ನಿಷ್ಠುರವಾದದ್ದು: ಅದೇ ಹಾದಿಯಲ್ಲಿ ನೂರಕ್ಕೆ 20ರಷ್ಟು ಹೆಚ್ಚು ಗಾಳಿ ಎಳೆಯಲು 73ರಷ್ಟು ಹೆಚ್ಚು ಶಕ್ತಿ ಬೇಕು. ತಿರುಳಿನಲ್ಲಿ ಉಳಿಸಿದ ಅರ್ಧ ಕಿಲೋ, ದೊಡ್ಡ ಫ್ಯಾನ್, ದೊಡ್ಡ ಪಂಪು, ಸೋಸುಪರದೆಗಳ ರೂಪದಲ್ಲಿ ಮರಳಿ ಬಂದು ಕೂತಿರುತ್ತದೆ. ಅತ್ತ ತಿರುಳನ್ನು ದಪ್ಪ ಮಾಡಿದರೂ ಫಲ ಬೇಗ ಬತ್ತುತ್ತದೆ. ಗಾಳಿ ಮೊದಲ ಪದರ ದಾಟುವಷ್ಟರಲ್ಲಿ ತಾನು ಬಿಸಿಯಾಗಬಹುದಾದ್ದರಲ್ಲಿ ನೂರಕ್ಕೆ 63 ಬಿಸಿಯಾಗಿದ್ದರೆ, ಅಷ್ಟೇ ದಪ್ಪದ ಎರಡನೆಯ ಪದರದ ಕೊನೆಗೆ 86, ಮೂರನೆಯದರ ಕೊನೆಗೆ 95. ಮೂರನೆಯ ಪದರ ತೂಕಕ್ಕೆ ಒಂದು ಪೂರ್ತಿ ಪಾಲು ಸೇರಿಸಿ, ಶಾಖಕ್ಕೆ ಬರಿಯ 9 ಕೊಡುತ್ತದೆ. ಫ್ಯಾನ್, ಪಂಪು, ಕವಲು, ದ್ರವ ಎಲ್ಲ ಸೇರಿದ ತೂಕವನ್ನು, ಆರು ತಿಂಗಳ ಧೂಳು ಕೂತ ಮೇಲಿನ ಸಾಮರ್ಥ್ಯದಿಂದ ಭಾಗಿಸಿದ ಸಂಖ್ಯೆಯನ್ನು ಕೇಳಬೇಕು. ಮಾರಾಟದ ಹಾಳೆಗಳಲ್ಲಿ ಆ ಸಂಖ್ಯೆ ಕಾಣಸಿಗುವುದು ಅಪರೂಪ.

ಗಾತ್ರ ಚಿಕ್ಕದಾಗುವುದರಿಂದ ನಿಸ್ಸಂಶಯವಾಗಿ ಲಾಭವಿರುವ ಒಂದು ಕಡೆ ಇದೆ: ಹವಾನಿಯಂತ್ರಣದ ಶೀತಕ ಅನಿಲ. ಹಳೆಯ ಆರ್-134ಎ ಅನಿಲವನ್ನು ಐರೋಪ್ಯ ಒಕ್ಕೂಟ 2017ರಿಂದ ಹೊಸ ಕಾರುಗಳಲ್ಲಿ ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಆರ್-1234ವೈಎಫ್ ಈಗ ಪರಿಸರದಲ್ಲಿ ಸುಲಭಕ್ಕೆ ಅಳಿಯದ ‘ಶಾಶ್ವತ ರಾಸಾಯನಿಕ’ಗಳ ಮೇಲಿನ ನಿರ್ಬಂಧದ ಚರ್ಚೆಯಲ್ಲಿ ಸಿಲುಕಿದೆ. ಚಿಪ್ಪುಗಳನ್ನೇ ಮುಳುಗಿಸುವ ಫ್ಲೋರಿನ್ ದ್ರವಗಳಿಗೂ ಇದೇ ಗತಿ. ಅವುಗಳ ಪ್ರಮುಖ ತಯಾರಕರಾದ 3ಎಂ, 2025ರ ಕೊನೆಗೆ ಈ ವರ್ಗದ ತಯಾರಿಕೆಯನ್ನೇ ಬಿಡುವುದಾಗಿ 2022ರಲ್ಲಿ ಪ್ರಕಟಿಸಿತು. ಉಳಿದ ಆಯ್ಕೆಗಳಲ್ಲಿ ಪ್ರೊಪೇನ್ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಅದನ್ನು ಆದಷ್ಟು ಕಡಿಮೆ ತುಂಬಬೇಕು. ಸಪುರ ಕಾಲುವೆಗಳ ಒಳಗಾತ್ರ ಕಡಿಮೆ ಎಂಬುದೇ ಇಲ್ಲಿ ಸುರಕ್ಷತೆ. ಇಂಗಾಲದ ಡೈಆಕ್ಸೈಡ್ ಆದರೆ 100 ಬಾರ್ ದಾಟುವ ಒತ್ತಡ. ಕೊಳವೆಯ ಗೋಡೆ ಸಹಿಸಬೇಕಾದ ಎಳೆತ ವ್ಯಾಸಕ್ಕೆ ಅನುಗುಣವಾಗಿರುವುದರಿಂದ, ಮಿಲಿಮೀಟರ್ ಅಗಲದ ಕಾಲುವೆ ತೆಳು ಗೋಡೆಯಲ್ಲೇ ಆ ಒತ್ತಡವನ್ನು ತಡೆದುಕೊಳ್ಳುತ್ತದೆ.

ಕಟ್ಟಕಡೆಗೆ ಮೊದಲ ಸೂತ್ರದ ಮೂರನೆಯ ಅಂಶಕ್ಕೇ ಬರಬೇಕು. ತಾಪಮಾನದ ಅಂತರವನ್ನು ಹೆಚ್ಚಿಸಲು ಸಾಧ್ಯವಾದರೆ ಅದಕ್ಕಿಂತ ಹಗುರವಾದ ಉಪಾಯವಿಲ್ಲ, ಆದರೆ ಅದು ವಿನಿಮಯಕ ಮಾಡುವವರ ಕೆಲಸವಲ್ಲ. ಸಿಲಿಕಾನ್ ಕಾರ್ಬೈಡ್ ಇನ್ವರ್ಟರುಗಳು 175 ಡಿಗ್ರಿಯವರೆಗೆ ಸಹಿಸುತ್ತವೆ, ಜೊತೆಗೆ ಶಾಖವನ್ನೂ ಕಡಿಮೆ ಹುಟ್ಟಿಸುತ್ತವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಐಬಿಎಂ 2010ರಲ್ಲಿ ಸ್ಥಾಪಿಸಿದ ಅಕ್ವಾಸಾರ್ ಕಂಪ್ಯೂಟರ್ ಸುಮಾರು 60 ಡಿಗ್ರಿಯ ನೀರಿನಿಂದಲೇ ತಣಿಯುತ್ತಿತ್ತು. ಹೊರಬಂದ ಬಿಸಿನೀರು ಕಟ್ಟಡಗಳನ್ನು ಬೆಚ್ಚಗಿಡಲು ಹೋಗುತ್ತಿತ್ತು. ಡೇಟಾ ಸೆಂಟರುಗಳು ಈಗ 45 ಡಿಗ್ರಿಯ ನೀರನ್ನು ಒಪ್ಪಿಕೊಳ್ಳುವತ್ತ ಸರಿಯುತ್ತಿರುವುದು ಅದೇ ಜಾಡಿನಲ್ಲಿ. ಬ್ಯಾಟರಿ ಮಾತ್ರ ಜಗ್ಗುತ್ತಿಲ್ಲ. 40 ಡಿಗ್ರಿಯ ಹಗಲಿನಲ್ಲಿ ಅದರ ಕೂಲಂಟ್ 45 ಡಿಗ್ರಿಯಲ್ಲಿರಬಹುದು ಎಂದು ರಸಾಯನವಿಜ್ಞಾನಿಗಳು ಒಪ್ಪಿದ ದಿನ ಕಂಪ್ರೆಸರಿನ ಹಂಗು ತಪ್ಪುತ್ತದೆ; 55ಕ್ಕೂ ಒಪ್ಪಿದರೆ ಅಂತರ 5ರಿಂದ 15ಕ್ಕೆ ಏರುತ್ತದೆ, ರೇಡಿಯೇಟರ್ ಮೂರನೆಯ ಒಂದಕ್ಕೆ ಇಳಿಯುತ್ತದೆ. ಫಿನ್‌ಗಳ ಆಕಾರವನ್ನು ಇನ್ನು ಎಷ್ಟು ತಿದ್ದಿದರೂ ಮೂರು ಪಟ್ಟು ಲಾಭ ಸಿಗುವ ಲಕ್ಷಣವಿಲ್ಲ.